ಶುರುವಾದ ಗಳಿಗೆಯಲ್ಲೇ ಮುಗಿದ ಅನುಮತಿ

ಚೆನ್ನೈನ ಅಂಬತ್ತೂರು ಕೈಗಾರಿಕಾ ಎಸ್ಟೇಟಿನಲ್ಲಿ ಉಕ್ಕಿನ ತಗಡು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ. ಅಲ್ಲಿನ ಕ್ರೇನುಗಳನ್ನು ಯಾರು, ಯಾವಾಗಿನಿಂದ ಯಾವಾಗಿನವರೆಗೆ ಓಡಿಸಬಹುದು ಎಂಬುದನ್ನು ನೆನಪಿಟ್ಟುಕೊಳ್ಳುವ ತಂತ್ರಾಂಶ ನಮ್ಮ ಪಾಲಿಗೆ ಬಂದದ್ದು, ಅದನ್ನು ಬರೆದ ಕಂಪನಿ ಬಾಗಿಲು ಮುಚ್ಚಿಕೊಂಡ ಮೇಲೆ. ಹೆತ್ತವರಿಲ್ಲದ ತಂತ್ರಾಂಶಗಳನ್ನು ಸಾಕುವುದೇ ಶೋಳಿಂಗನಲ್ಲೂರಿನ ನಮ್ಮ ಪುಟ್ಟ ಕಚೇರಿಯ ವೃತ್ತಿ. ಇದರಲ್ಲಿ ಕೀರ್ತಿ ಕಡಿಮೆ. ಬೈಗುಳಕ್ಕೆ ಮಾತ್ರ ಯಾವತ್ತೂ ಬರ ಬಂದದ್ದಿಲ್ಲ.

ಈ ಸಲ ಒಪ್ಪಿಸಿದ ಕೆಲಸ ಆ ತಂತ್ರಾಂಶದ ಡೇಟಾಬೇಸನ್ನು ಹೊಸ ಆವೃತ್ತಿಗೆ ಸಾಗಿಸುವುದು. ಹಳೆಯದರಲ್ಲಿ ಒಂದು ಕಾವಲಿನ ನಿಯಮವಿತ್ತು: ಒಬ್ಬ ಚಾಲಕನಿಗೆ ಒಂದು ಕ್ರೇನಿನ ಮೇಲೆ ಕೊಟ್ಟ ಎರಡು ಅನುಮತಿಗಳ ಅವಧಿ ಒಂದರ ಮೇಲೊಂದು ಬೀಳಕೂಡದು. ಹಳೆಯ ಅನುಮತಿ ಮುಗಿದ ಮೇಲೆಯೇ ಹೊಸದು ಶುರುವಾಗಬೇಕು. ಹೊಸ ಆವೃತ್ತಿಯಲ್ಲಿ ಈ ನಿಯಮವನ್ನು ಟೇಬಲ್‌ನ ಪ್ರೈಮರಿ ಕೀಯೊಳಗೇ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ತೋರಿಸುವ ಮೂಲ ಗುರುತಿನೊಳಗೇ, ಬರೆಯಬಹುದು. ನನ್ನಂಥ ಹಳೆಯ ಕಾಲದವನಿಗೆ ಇದು ಬಹಳ ಹಿಡಿಸಿತು. ಕಾವಲುಗಾರನನ್ನು ಬೀದಿಯಲ್ಲಿ ನಿಲ್ಲಿಸುವ ಬದಲು ಬಾಗಿಲಲ್ಲೇ ಕೂರಿಸಿದ ಹಾಗೆ.

ಸಾಗಣೆಯ ತಾಲೀಮು ನಡೆಸಿದೆವು. ಒಂದಿಷ್ಟು ದೂರ ನೆಟ್ಟಗೆ ಹೋಗಿ ನಿಂತುಬಿಟ್ಟಿತು. ಖಾಲಿ ಅವಧಿಯನ್ನು ಈ ಕೀಯೊಳಗೆ ಸೇರಿಸಲು ಸಾಧ್ಯವಿಲ್ಲ ಎಂದು ಹೊಸ ಡೇಟಾಬೇಸ್ ಬಹಳ ವಿನಯದಿಂದ, ಆದರೆ ಒಂದಿಷ್ಟೂ ಬಗ್ಗದೆ, ತಿಳಿಸಿತು.

ಖಾಲಿ ಅವಧಿ ಎಂದರೆ ಏನೆಂದು ಇಲ್ಲಿ ಹೇಳಿಬಿಡಬೇಕು. ಅವಧಿಗೆ ಒಂದು ಆರಂಭ, ಒಂದು ಕೊನೆ. ಆರಂಭದ ಗಳಿಗೆ ಒಳಗೆ ಸೇರುತ್ತದೆ, ಕೊನೆಯ ಗಳಿಗೆ ಸೇರುವುದಿಲ್ಲ. ಎರಡೂ ಒಂದೇ ಆಗಿದ್ದರೆ ಒಳಗೆ ಉಳಿಯುವುದು ಏನೂ ಇಲ್ಲ. ಆಗ ಡೇಟಾಬೇಸ್ ಆ ಎರಡು ಗಳಿಗೆಗಳನ್ನೂ ಎಸೆದು, ಅವುಗಳ ಜಾಗದಲ್ಲಿ ‘ಖಾಲಿ’ ಎಂಬ ಒಂದೇ ಪದ ಬರೆದುಕೊಳ್ಳುತ್ತದೆ. ಪಲ್ಲಾವರಂನಲ್ಲಿ ಬಸ್ ಹತ್ತಿ ಪಲ್ಲಾವರಂಗೇ ಟಿಕೆಟ್ ಕೇಳಿದವನಿಗೆ, ಊರಿನ ಹೆಸರನ್ನೇ ಅಳಿಸಿ ‘ಪ್ರಯಾಣವಿಲ್ಲ’ ಎಂದಷ್ಟೇ ಅಚ್ಚಾದ ಟಿಕೆಟ್ ಕೊಟ್ಟಂತೆ. ಅವನು ಎಲ್ಲಿ ಹತ್ತಿದ್ದ ಎಂದು ಆಮೇಲೆ ಯಾರು ಕೇಳಿದರೂ ಉತ್ತರವಿಲ್ಲ. ಇಂಥ ಖಾಲಿ ಅವಧಿ ಯಾವ ಅವಧಿಯ ಮೇಲೂ ಬೀಳುವುದಿಲ್ಲ, ಇನ್ನೊಂದು ಖಾಲಿ ಅವಧಿಯ ಮೇಲೂ ಬೀಳುವುದಿಲ್ಲ. ಹಾಗಾಗಿ ಹಳೆಯ ಕಾವಲುಗಾರನ ಕಣ್ಣೆದುರಿಗೇ ಇಂಥವು ಎಷ್ಟು ಬೇಕಾದರೂ ಒಳಗೆ ಹೋಗಬಹುದಿತ್ತು. ಹೋಗಿದ್ದವು.

ನನ್ನ ಜೊತೆ ಈ ಕೆಲಸದಲ್ಲಿದ್ದ ಸಹೋದ್ಯೋಗಿ ಹಾಸನದ ಕಡೆಯ ಹುಡುಗಿ, ಚೆನ್ನೈಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು.

“ಸರ್, ಇವೆಲ್ಲಾ ಖಾಲಿ. ಒಳ್ಗೆ ಒಂದ್ ಸೆಕೆಂಡೂ ಇಲ್ಲ. ಡಿಲೀಟ್ ಹೊಡ್ದು ಮುಂದಕ್ ಹೋಗೋಣ?”

“ಇರಮ್ಮಾ, ಅವಸರ ಪಡಬೇಡ. ಕೊಂಚ ಯೋಚನೆ ಪಣ್ಣಿ ಹೇಳ್ತೀನಿ.”

“ಪಣ್ಣಿ,” ಎಂದಳು ಆಕೆ. “ನಿಮ್ ಕನ್ನಡಕ್ಕೆ ಕೆಳಗಡೆ ಸಬ್‌ಟೈಟ್ಲ್ ಹಾಕ್ಬೇಕು ಸರ್.”

ನಮ್ಮ ಮನೆಯವರು ತಿರುವಲ್ಲಿಕ್ಕೇಣಿಗೆ ಬಂದು ತಲೆಮಾರುಗಳೇ ಕಳೆದಿವೆ. ಕನ್ನಡದ ಕ್ರಿಯಾಪದಗಳು ದಾರಿಯಲ್ಲಿ ಅಲ್ಲಲ್ಲಿ ಬಿದ್ದುಹೋಗಿ, ಆ ಜಾಗಕ್ಕೆ ಊರಿನವು ಬಂದು ಕೂತಿವೆ. ಇದನ್ನು ಆಕೆಗೆ ವಿವರಿಸುವ ಉತ್ಸಾಹ ನನಗಿರಲಿಲ್ಲ. ಯೋಚನೆ ಮಾಡಿದೆ. ಆಕೆ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂದು ಕ್ಷಣವನ್ನೂ ಒಳಗೊಳ್ಳದ ಅನುಮತಿಯನ್ನು ಅಳಿಸಿದರೆ ಯಾರ ಗಂಟು ಹೋಗುತ್ತದೆ? ಅಳಿಸುವ ಸ್ಕ್ರಿಪ್ಟ್ ಬರೆದಿಡು, ಊಟವಾದ ಮೇಲೆ ನೋಡೋಣ ಎಂದೆ.

ಊಟದ ಹೊತ್ತಿಗೆ ಕಾರ್ಖಾನೆಯ ಸುರಕ್ಷತಾ ಅಧಿಕಾರಿಯ ಫೋನ್ ಬಂತು. ಅವರು ಮಾತನ್ನು ಅಳೆದು ಆಡುವವರು. ಪ್ರೆಸ್ ವಿಭಾಗದಲ್ಲಿ ಕ್ರೇನ್ ಎತ್ತಿದ್ದ ಒಂದು ಭಾರಿ ಡೈ, ಅಂದರೆ ತಗಡಿಗೆ ಆಕಾರ ಕೊಡುವ ಉಕ್ಕಿನ ಅಚ್ಚು, ವಾಲಿಕೊಂಡು ಕಂಬಕ್ಕೆ ಬಡಿದಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಚಾಲಕನನ್ನು ಕೆಲಸದಿಂದ ಹೊರಗಿಟ್ಟು ವಿಚಾರಣಾ ಸಮಿತಿ ಮಾಡಿದ್ದರು.

“ಆ ದಿನ ಅವರಿಗೆ ಅನುಮತಿ ಇತ್ತೇ ಅಂತ ನಿಮ್ಮ ಸಿಸ್ಟಂನಲ್ಲಿ ಕೇಳಿದೆ. ಇಲ್ಲ ಅಂತಿದೆ,” ಎಂದರು. ಈ ಮಾತೂ, ಕಾರ್ಖಾನೆಯಲ್ಲಿ ಮುಂದೆ ನಡೆದ ಮಾತೆಲ್ಲವೂ ತಮಿಳಿನಲ್ಲಿ ನಡೆದದ್ದು. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

“ನೀವು ಕೊಟ್ಟಿರಲಿಲ್ಲವೇ, ಮೇಡಂ?”

“ಕೊಟ್ಟ ನೆನಪು. ಅವರ ಕಣ್ಣಿನ ಪರೀಕ್ಷೆಯ ವರದಿ ಓದಿದ್ದು ಕೂಡ ನೆನಪಿದೆ. ಆದರೆ ನನ್ನ ನೆನಪನ್ನ ಸಮಿತಿ ಮುಂದೆ ಇಡೋಕಾಗಲ್ಲ. ಸಿಸ್ಟಂ ಇಲ್ಲ ಅಂದರೆ ಇಲ್ಲ. ಅನುಮತಿ ಇಲ್ಲದೆ ಕ್ರೇನ್ ಹತ್ತಿದವರನ್ನ ಕೆಲಸದಿಂದ ತೆಗೀತಾರೆ. ಆಮೇಲೆ ಇನ್ಯಾವ ಕಾರ್ಖಾನೆಯವರೂ ಅವರನ್ನ ಕ್ರೇನ್ ಹತ್ತಿಸಲ್ಲ.”

ಚಾಲಕನ ನೌಕರಿ ಸಂಖ್ಯೆ ಕೇಳಿ ಬರೆದುಕೊಂಡೆ. ಡೇಟಾಬೇಸಿನಲ್ಲಿ ಹುಡುಕಿದರೆ ಅವರ ಹೆಸರಿನ ಎದುರು ಹಿಂದಿನ ವರ್ಷಗಳ ಅನುಮತಿಗಳು ಒಂದರ ಹಿಂದೊಂದು, ಜೋಡಿಸಿಟ್ಟ ಹಾಗೆ ಇದ್ದವು. ಕೊನೆಯ ಸಾಲಿನಲ್ಲಿ ಅಧಿಕಾರಿಯ ಒಪ್ಪಿಗೆ ಇತ್ತು, ಒಪ್ಪಿಗೆಯ ಸಮಯವಿತ್ತು, ಕಣ್ಣಿನ ವರದಿ ಇತ್ತು. ಅವಧಿಯ ಜಾಗದಲ್ಲಿ ಖಾಲಿ.

ನಮ್ಮ ಸ್ಕ್ರಿಪ್ಟ್ ಅಳಿಸಲು ಸಿದ್ಧವಾಗಿದ್ದ ಸಾಲುಗಳಲ್ಲಿ ಅದೂ ಒಂದು.

ಸಹೋದ್ಯೋಗಿ ಸ್ಕ್ರಿಪ್ಟನ್ನು ತೆಗೆದು ಬೇರೆ ಕಡೆ ಇಟ್ಟಳು.

ಮೊದಲು ಆ ಅವಧಿಯ ಆರಂಭ ಯಾವುದೆಂದು ಡೇಟಾಬೇಸನ್ನೇ ಕೇಳಿದೆವು. ಎಸೆದದ್ದನ್ನು ಅದು ಎಲ್ಲಿಂದ ತರಬೇಕು? ಗೊತ್ತಿಲ್ಲ ಎಂದಿತು. ಇಂಥ ಸಾಲು ಹೇಗೆ ಹುಟ್ಟುತ್ತದೆಂದು ನಾವೇ ಹುಟ್ಟಿಸಿ ನೋಡೋಣ ಎಂದುಕೊಂಡು ಪರೀಕ್ಷೆಯ ಪ್ರತಿಯಲ್ಲಿ ಒಬ್ಬ ಕಾಲ್ಪನಿಕ ಚಾಲಕನನ್ನು ಸೃಷ್ಟಿಸಿದೆವು. ಅವನಿಗೆ ಆರಂಭ, ಕೊನೆ ಒಂದೇ ಇರುವ ಅನುಮತಿ ಕೊಟ್ಟೆವು. ತಕರಾರಿಲ್ಲದೆ ಒಳಗೆ ಹೋಯಿತು. ಆಮೇಲೆ ಕೊನೆಯ ತಾರೀಕನ್ನು ಒಂದು ವರ್ಷ ಮುಂದಕ್ಕೆ ತಿದ್ದಿದೆವು. ಅದನ್ನೂ ಒಪ್ಪಿತು. ಚಾಲಕನಿಗೆ ಈಗ ಒಳ್ಳೆಯ ಅನುಮತಿ ಸಿಕ್ಕಿತ್ತು. ಅಂದರೆ ನಮ್ಮ ಪ್ರಯೋಗ ಯಾವ ತೊಂದರೆಯನ್ನೂ ತೋರಿಸದೆ ಗೆದ್ದು ನಮ್ಮನ್ನು ಸೋಲಿಸಿತ್ತು.

“ಸರ್, ಇಲ್ನೋಡಿ,” ಎಂದಳು ಸಹೋದ್ಯೋಗಿ, ಪರದೆಯ ಹತ್ತಿರ ಬಗ್ಗಿ. “ಇವ್ನ ಅನುಮತಿಗೆ ಕೊನೆ ಇದೆ, ಮೊದಲೇ ಇಲ್ಲ.”

ಹೌದು. ತಿದ್ದುವ ಪರದೆ ಹಳೆಯ ಆರಂಭವನ್ನು ತೆಗೆದುಕೊಂಡು ಅದಕ್ಕೆ ಹೊಸ ಕೊನೆಯನ್ನು ಜೋಡಿಸುತ್ತಿತ್ತು. ಖಾಲಿ ಅವಧಿಗೆ ಆರಂಭವೇ ಇಲ್ಲ. ಆರಂಭ ಗೊತ್ತಿಲ್ಲದ್ದನ್ನು ಡೇಟಾಬೇಸ್ ಅನಾದಿ ಎಂದು ತಿಳಿಯುತ್ತದೆ. ಹೀಗೆ ನಮ್ಮ ಕಾಲ್ಪನಿಕ ಚಾಲಕ ಭೂಮಿ ತಣ್ಣಗಾಗುವುದಕ್ಕೂ ಮೊದಲಿನಿಂದ ಅಂಬತ್ತೂರಿನ ಕ್ರೇನ್ ಓಡಿಸಲು ಅಧಿಕೃತವಾಗಿ ಅರ್ಹನಾಗಿದ್ದ. ನಿಜವಾದ ಪಟ್ಟಿಯಲ್ಲಿ ನೋಡಿದರೆ ಇಂಥ ಅನಾದಿ ಪುರುಷರು ಅಲ್ಲಲ್ಲಿ ಇದ್ದರು. ಎಲ್ಲರೂ ಹೊಸದಾಗಿ ಕೆಲಸಕ್ಕೆ ಸೇರಿದವರು.

“ಹೊಸಬರಿಗೆ ದಾಟುತ್ತೆ. ಹಳಬರಿಗೆ?” ಎಂದೆ.

ಈಗ ಹಿಂದಿನ ವರ್ಷದ ಅನುಮತಿ ಇರುವ ಚಾಲಕನನ್ನು ಸೃಷ್ಟಿಸಿ ಅದೇ ಕೆಲಸ ಮಾಡಿದೆವು. ಖಾಲಿ ಅನುಮತಿ ಒಳಗೆ ಹೋಯಿತು. ಕೊನೆಯನ್ನು ತಿದ್ದಲು ಹೋದಾಗ ಹೊಸ ಅವಧಿ ಅನಾದಿಯಿಂದ ಶುರುವಾಗಿ ಅವನ ಹಳೆಯ ಅನುಮತಿಗಳ ಮೇಲೆಲ್ಲ ಬಿತ್ತು. ಕಾವಲುಗಾರ ತಡೆದ. ತಿದ್ದುಪಡಿ ಆಗಲಿಲ್ಲ, ಸಾಲು ಖಾಲಿಯಾಗಿಯೇ ಉಳಿಯಿತು. ಪರದೆಯ ಮೇಲೆ ಒಂದು ಸಂದೇಶ ಬಂತು: ‘ಈ ಚಾಲಕರಿಗೆ ಈ ಅವಧಿಯಲ್ಲಿ ಈಗಾಗಲೇ ಅನುಮತಿ ಇದೆ.’

ಹೇಗೆ ಎಂಬುದು ಗೊತ್ತಾಯಿತು. ಒಳ್ಳೆಯ ಮನುಷ್ಯರು ಆರಂಭಕ್ಕೂ ಕೊನೆಗೂ ಒಂದೇ ಗಳಿಗೆಯನ್ನು ಏಕೆ ಬರೆಯುತ್ತಾರೆ ಎಂಬುದು ಗೊತ್ತಾಗಲಿಲ್ಲ. ಅದನ್ನು ಡೇಟಾಬೇಸಿಗೆ ಕೇಳಿ ಪ್ರಯೋಜನವಿರಲಿಲ್ಲ. ಮರುದಿನ ಅಂಬತ್ತೂರಿಗೆ ಹೊರಟೆವು. ಶೋಳಿಂಗನಲ್ಲೂರಿನಿಂದ ಅಲ್ಲಿಗೆ ಹೋಗುವುದನ್ನು ಪ್ರಯಾಣ ಎನ್ನುವುದಕ್ಕಿಂತ ವಲಸೆ ಎನ್ನುವುದು ಸರಿ.

ಕಾರ್ಖಾನೆಯ ಗೇಟಿನ ಎದುರು ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬರು, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ, ಕೂತಿದ್ದರು. ಒಳಗೆ ಬಿಡದಿದ್ದರೂ ಪಾಳಿಯ ಹೊತ್ತಿಗೆ ತಪ್ಪದೆ ಬಂದು ಕೂರುತ್ತಾರೆ ಎಂದು ಕಾವಲಿನವನು ಹೇಳಿದ. ಅವರೇ ಆ ಚಾಲಕ. ನಾವು ಯಾರೆಂದು ತಿಳಿದ ಮೇಲೆ ಲೋಟ ಕೆಳಗಿಟ್ಟರು.

“ನನ್ನ ಹೆಸರು ತೆಗೆದುಹಾಕಿದವರು ನೀವೇನಾ, ಸಾರ್?”

“ತೆಗೆದವರಲ್ಲ. ಹುಡುಕೋಕೆ ಬಂದವರು.”

“ಸಿಕ್ಕಿತಾ?”

“ಹೆಸರು ಸಿಕ್ಕಿದೆ. ಅವಧಿ ಸಿಕ್ಕಿಲ್ಲ.”

“ಅವಧಿ ಇಲ್ಲದೆ ಇಷ್ಟು ತಿಂಗಳು ನನ್ನನ್ನ ಹೇಗೆ ಮೇಲೆ ಹತ್ತಿಸಿದರು? ಬೆಳಿಗ್ಗೆ ಪಾಳಿಗೆ ಬಂದರೆ ಪರದೆಯಲ್ಲಿ ನನ್ನ ಹೆಸರಿನ ಎದುರು ಹಸಿರು ಗುರುತು ಇರುತ್ತಿತ್ತು. ಹಸಿರು ನೋಡಿಯೇ ನಾನು ಹತ್ತಿದ್ದು.”

ಆ ಹಸಿರು ಗುರುತು ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಇದೆಯೇ ಎಂದಷ್ಟೇ ನೋಡುತ್ತಿತ್ತು, ಅವಧಿಯನ್ನು ನೋಡುತ್ತಿರಲಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ವಿವರಣೆ ಸರಿಯಾಗಿತ್ತು, ಅದರಿಂದ ಅವರಿಗೆ ಏನೂ ಸಿಗಲಿಲ್ಲ.

ಅನುಮತಿಗಳನ್ನು ಸಿಸ್ಟಂಗೆ ಹಾಕುವವರು ಪ್ರೆಸ್ ವಿಭಾಗದ ಫೋರ್‌ಮನ್. ದೊಡ್ಡ ದೇಹ, ಹಣೆಯಲ್ಲಿ ವಿಭೂತಿ, ಸದ್ದಿನ ನಡುವೆ ಮಾತಾಡಿ ಮಾತಾಡಿ ಎತ್ತರವಾದ ದನಿ. ನವೀಕರಣ ಹೇಗೆ ಮಾಡುತ್ತೀರಿ, ಮೊದಲಿನಿಂದ ಮಾಡಿ ತೋರಿಸಿ ಎಂದೆ. ಅವರು ತೋರಿಸಿದ ರೀತಿಯಲ್ಲಿ ಯಾವ ದೋಷವೂ ಇರಲಿಲ್ಲ.

“ಯಾವಾಗಲೂ ಹೀಗೇನಾ?” ಎಂದು ಸಹೋದ್ಯೋಗಿ ತನ್ನ ಹರಕು ತಮಿಳಿನಲ್ಲಿ ಕೇಳಿದಳು.

“ಯಾವಾಗಲೂ ಹೀಗೇ, ಮೇಡಂ.” ಆಮೇಲೆ ಸ್ವಲ್ಪ ತಡೆದು, “ಶುಕ್ರವಾರ ಬಂದರೆ ಮಾತ್ರ ಮೊದಲು ನಲ್ಲ ನೇರದಲ್ಲಿ ಶುರು ಮಾಡಿಟ್ಟುಬಿಡ್ತೀನಿ.”

ನಾನು ಕುರ್ಚಿ ಎಳೆದುಕೊಂಡು ಕೂತೆ.

ನಲ್ಲ ನೇರ ಎಂದರೆ ಒಳ್ಳೆಯ ಗಳಿಗೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ, ಮಧ್ಯಾಹ್ನಕ್ಕೆ ಬಿಡುತ್ತದೆ. ಚಾಲಕ ಬೆಳಿಗ್ಗೆ ಕಣ್ಣಿನ ಪರೀಕ್ಷೆಗೆ ಹೋದರೆ ವರದಿ ಬರುವಷ್ಟರಲ್ಲಿ ಹತ್ತೂವರೆ ದಾಟಿರುತ್ತದೆ. ಅನುಮತಿ ಆರು ತಿಂಗಳಿಗೋ ವರ್ಷಕ್ಕೋ ಎಂಬುದು ವರದಿ ನೋಡದೆ ಗೊತ್ತಾಗುವುದಿಲ್ಲ. ತಲೆಯ ಮೇಲೆ ಟನ್ನುಗಟ್ಟಲೆ ಉಕ್ಕು ತೂಗಾಡಿಸುವ ಮನುಷ್ಯನ ಅನುಮತಿಯನ್ನು ರಾಹುಕಾಲದಲ್ಲಿ ಶುರು ಮಾಡಲು ಫೋರ್‌ಮನ್ನರಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಹಾಗಾಗಿ ಹತ್ತೂವರೆಗೆ ಮೊದಲೇ ಸಾಲು ತೆರೆದು ಆರಂಭ ಹಾಕುತ್ತಿದ್ದರು. ಕೊನೆಯನ್ನು ಬರೆಯದೆ ಬಿಟ್ಟರೆ ಪರದೆ ಒಪ್ಪುತ್ತಿರಲಿಲ್ಲ. ಅದಕ್ಕೆ ಅಲ್ಲಿಯೂ ಆರಂಭದ ಗಳಿಗೆಯನ್ನೇ ಬರೆದು, ವರದಿ ಬಂದು ಅಧಿಕಾರಿಯ ಒಪ್ಪಿಗೆಯೂ ಆದ ಮೇಲೆ ಕೊನೆಯನ್ನು ತಿದ್ದುತ್ತಿದ್ದರು.

“ತಿದ್ದುವಾಗ ಏನಾದರೂ ಹೇಳಿತಾ?” ಎಂದೆ.

“ಹೇಳ್ತು ಸಾರ್. ಈಗಾಗಲೇ ಅನುಮತಿ ಇದೆ ಅಂತು.”

“ನೀವು?”

“ಇದೆ ಅಂದಮೇಲೆ ಇದೆ ಅಂತ ಮುಚ್ಚಿದೆ.”

ಒಬ್ಬ ಮನುಷ್ಯನಿಗೆ ಅನುಮತಿ ಕೊಡಲು ಹೋದಾಗ ‘ಈಗಾಗಲೇ ಅನುಮತಿ ಇದೆ’ ಎಂದು ಯಂತ್ರ ಹೇಳಿದರೆ, ಸಂತೋಷಪಡುವುದನ್ನು ಬಿಟ್ಟು ಇನ್ನೇನು ಮಾಡಬೇಕು?

ನಮ್ಮ ಪಕ್ಕದಲ್ಲಿ ಪ್ರೆಸ್ ಯಂತ್ರ ಒಂದೇ ಸಮನೆ ಬಡಿಯುತ್ತಿತ್ತು. ಫೋರ್‌ಮನ್ನರಿಗೆ ವಿಷಯ ನಿಧಾನವಾಗಿ ಅರ್ಥವಾಯಿತು. ಅವರ ದನಿ ಮೊದಲ ಬಾರಿಗೆ ಇಳಿಯಿತು.

“ಸಾರ್, ಆ ಅಣ್ಣನ ತಪ್ಪಲ್ಲ ಇದು. ನಾಳೆ ವಿಚಾರಣೆ ಇದೆ. ಒಳಗಿನಿಂದ ಸದ್ದಿಲ್ಲದೆ ಒಂದು ತಾರೀಕು ಹಾಕಿಬಿಡಿ. ಮೇಡಂ ಮತ್ತೆ ನೋಡಿದರೆ ಇದೆ ಅಂತ ಬರುತ್ತೆ. ಮುಗೀತು.”

ಹೊರಗೆ ಬಂದ ಮೇಲೆ ಸಹೋದ್ಯೋಗಿಯೂ ಅದನ್ನೇ ಅಂದಳು. “ಒಂದೇ ಅಪ್‌ಡೇಟ್ ಸರ್. ಅವ್ರು ಮಾಡಿದ್ದು ಸರಿಯಾಗೇ ಇತ್ತು, ನಾವ್ ಹಾಕೋದೂ ನಿಜಾನೇ. ಪಾಪ ಬೆಂಚ್ ಮೇಲ್ ಕೂತವ್ರೆ.”

ನನಗೂ ಆ ಬೆಂಚು ಕಣ್ಣಿಗೆ ಕಟ್ಟಿತ್ತು. ಕೈಗೆ ಎಟುಕುವ ಕೆಲಸ, ಉದ್ದೇಶವೂ ಒಳ್ಳೆಯದು. ಆದರೆ ನಿನ್ನೆ ಇಲ್ಲ ಎಂದ ಸಿಸ್ಟಂ ವಿಚಾರಣೆಯ ದಿನ ಇದೆ ಎಂದರೆ ಸುರಕ್ಷತಾ ಅಧಿಕಾರಿ ಸುಮ್ಮನಿರುವವರಲ್ಲ. ಯಾರು, ಯಾವಾಗ ತಿದ್ದಿದರು ಎಂದು ಕೇಳುತ್ತಾರೆ. ಡೇಟಾಬೇಸ್ ನನ್ನ ಹೆಸರು ಹೇಳುತ್ತದೆ. ಆಮೇಲೆ ಆ ಚಾಲಕ ಅನುಮತಿ ಇಲ್ಲದೆ ಹತ್ತಿದವರು ಮಾತ್ರವಲ್ಲ, ಅದನ್ನು ಮುಚ್ಚಿಡಲು ಹೊರಗಿನವರನ್ನು ಹಿಡಿದವರೂ ಆಗುತ್ತಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಮಗೆ ಗೊತ್ತಿಲ್ಲದ ಆರಂಭದ ಗಳಿಗೆಯನ್ನು ನಾವು ಊಹಿಸಿ ಬರೆಯಬೇಕಿತ್ತು.

“ಹಾಕಲ್ಲ,” ಎಂದೆ. “ಒಂದು ಸಾಲನ್ನೂ ಮುಟ್ಟಬೇಡ. ಖಾಲಿ ಇದೆ ಅಂತಲೇ ತೋರಿಸೋಣ. ಹೇಗೆ ಖಾಲಿಯಾಯ್ತು ಅನ್ನೋದನ್ನ ಅವರ ಕೈಯಿಂದಲೇ ಮಾಡಿಸೋಣ.”

“ಯಾರ್ ಕೈಯಿಂದ?”

“ಸಮಿತಿಯವರ ಕೈಯಿಂದ.”

“ಅವ್ರು ಮೆಸೇಜ್ ಸರಿಯಾಗ್ ಓದ್ಕೊಂಡ್ಬಿಟ್ರೆ?”

ಅದು ನ್ಯಾಯವಾದ ಪ್ರಶ್ನೆ. ಅವರು ‘ಇದು ತಿದ್ದುಪಡಿ ನಿರಾಕರಣೆ’ ಎಂದು ಅರ್ಥ ಮಾಡಿಕೊಂಡುಬಿಟ್ಟರೆ ಫೋರ್‌ಮನ್ ದಡ್ಡರಾಗುತ್ತಾರೆ, ಚಾಲಕ ಬೆಂಚಿನ ಮೇಲೆಯೇ ಉಳಿಯುತ್ತಾರೆ. ಹೇಳಿಕೊಟ್ಟು ಮಾಡಿಸಿದರೆ ಸಾಕ್ಷಿಗೆ ಬೆಲೆಯಿಲ್ಲ. ಹೇಳಿಕೊಡದೆ ಮಾಡಿಸುವುದು ಎಂದು ತೀರ್ಮಾನಿಸಿ ಮನೆಗೆ ಹೋದೆ. ನಿದ್ದೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು. ತಲೆಯ ಕಡೆ ವರ್ಕ್ಸ್ ಮ್ಯಾನೇಜರ್, ಅವರೇ ಸಮಿತಿಯ ಅಧ್ಯಕ್ಷರು. ಪಕ್ಕದಲ್ಲಿ ಸುರಕ್ಷತಾ ಅಧಿಕಾರಿ. ಗೋಡೆಯ ಕಡೆ ಚಾಲಕ ಮತ್ತು ಫೋರ್‌ಮನ್. ನಾನು ಪರೀಕ್ಷೆಯ ಪ್ರತಿಯನ್ನು ಗೋಡೆಯ ಪರದೆಗೆ ಜೋಡಿಸಿ, ಇದು ನಿಜವಾದ ದಾಖಲೆಯಲ್ಲ, ಇಲ್ಲಿ ಏನು ಮಾಡಿದರೂ ಯಾರಿಗೂ ತೊಂದರೆಯಿಲ್ಲ ಎಂದು ಘೋಷಿಸಿದೆ. ವರ್ಕ್ಸ್ ಮ್ಯಾನೇಜರ್ ಕೀಬೋರ್ಡಿಗೆ ಕೂತು ಒಬ್ಬ ಚಾಲಕನ ಅನುಮತಿಯನ್ನು ನವೀಕರಿಸಬೇಕೆಂದು ಕೋರಿದೆ.

“ನಾನೇ ಯಾಕೆ?”

“ಫೋರ್‌ಮನ್ ಮಾಡಿದರೆ ಅವರು ಮಾಡಿದ್ದು ಅಂತಾರೆ, ಸಾರ್. ನಾನು ಮಾಡಿದರೆ ಕಣ್ಕಟ್ಟು ಅಂತಾರೆ.”

ಅವರು ನಗದೆ ಬಂದು ಕೂತರು. ಹೋದ ವರ್ಷ ಅನುಮತಿ ಇದ್ದ ಒಬ್ಬ ಕಾಲ್ಪನಿಕ ಹಳೆಯ ಚಾಲಕನನ್ನು ತೆರೆದುಕೊಟ್ಟೆ. ಇವತ್ತು ಶುಕ್ರವಾರ ಎಂದುಕೊಳ್ಳಿ, ರಾಹುಕಾಲ ಹತ್ತಿರ ಬರುತ್ತಿದೆ, ವರದಿ ಇನ್ನೂ ಬಂದಿಲ್ಲ ಎಂದೆ. ಅವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಆರಂಭ ಬರೆದರು. ಕೊನೆಯನ್ನು ಬಿಟ್ಟರು; ಪರದೆ ಒಪ್ಪಲಿಲ್ಲ. ಒಂದು ಕ್ಷಣ ಯೋಚಿಸಿ ಕೊನೆಗೂ ಅದೇ ಗಳಿಗೆಯನ್ನು ಬರೆದರು. ಪರದೆ ಒಪ್ಪಿತು. ಫೋರ್‌ಮನ್ ಗೋಡೆಯ ಕಡೆಯಿಂದ ನನ್ನತ್ತ ನೋಡಿದರು. ವರದಿ ಬಂತು ಎಂದುಕೊಳ್ಳಿ ಎಂದೆ. ಸುರಕ್ಷತಾ ಅಧಿಕಾರಿಯ ಪಾತ್ರದಲ್ಲಿ ಸುರಕ್ಷತಾ ಅಧಿಕಾರಿಯೇ ಒಪ್ಪಿಗೆ ಒತ್ತಿದರು. ಅವರ ಪರದೆಯಲ್ಲಿ ಹೆಸರು, ಕ್ರೇನು, ಕಣ್ಣಿನ ವರದಿ ಇದ್ದವು, ಅವಧಿ ಇರಲಿಲ್ಲ. ಅದನ್ನು ಅವರು ಆಗಷ್ಟೇ ಗಮನಿಸಿದರು ಎಂದು ಮುಖ ಹೇಳಿತು.

“ಈಗ ಒಪ್ಪಿಗೆಯೂ ಆಗಿದೆ. ಒಂದು ವರ್ಷಕ್ಕೆ ಕೊಡಿ,” ಎಂದೆ.

ವರ್ಕ್ಸ್ ಮ್ಯಾನೇಜರ್ ಕೊನೆಯನ್ನು ತಿದ್ದಿ ಒತ್ತಿದರು. ಸಂದೇಶ ಬಂತು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

“ಈಗಾಗಲೇ ಅನುಮತಿ ಇದೆ. ಇದೆಯಂತಲ್ಲ, ಮತ್ತೇನು ತೊಂದರೆ?”

ಕಿಟಕಿ ಮುಚ್ಚಿ ಹಿಂದಕ್ಕೆ ಒರಗಿದರು. ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ಎಷ್ಟು ಕಷ್ಟ ಎಂದು ಸಹೋದ್ಯೋಗಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ನಾನೂ ಅದನ್ನೇ ಅಂದುಕೊಂಡೆ ಸಾರ್,” ಎಂದರು ಫೋರ್‌ಮನ್.

ಆ ಕಾಲ್ಪನಿಕ ಚಾಲಕನಿಗೆ ಇವತ್ತು ಅನುಮತಿ ಇದೆಯೇ ಎಂದು ಸಿಸ್ಟಂನಲ್ಲಿ ಕೇಳಿ ನೋಡಿ ಎಂದು ಅಧಿಕಾರಿಗೆ ಹೇಳಿದೆ. ಅವರು ಕೇಳಿದರು. ಇಲ್ಲ ಎಂದಿತು. ವರ್ಕ್ಸ್ ಮ್ಯಾನೇಜರ್ ಎದ್ದು ಪರದೆಯ ಹತ್ತಿರ ಹೋಗಿ ನೋಡಿದರು, ಹತ್ತಿರದಿಂದ ನೋಡಿದರೆ ಬೇರೆ ಉತ್ತರ ಬರಬಹುದೇನೋ ಎಂಬಂತೆ. ಆಮೇಲೆ ನಿಜವಾದ ಚಾಲಕನ ನಿಜವಾದ ಸಾಲನ್ನು ತೋರಿಸಿದೆ. ಒಪ್ಪಿಗೆಯ ಸಮಯ ಶುಕ್ರವಾರ ಮಧ್ಯಾಹ್ನದ್ದು. ಅವಧಿ ಖಾಲಿ. ಎರಡೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗಿದ್ದವು.

ಸುರಕ್ಷತಾ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. “ಈ ಒಪ್ಪಿಗೆಯ ಸಮಯವನ್ನು ಯಾರಾದರೂ ಆಮೇಲೆ ತಿದ್ದಿರಬಹುದೇ?”

“ಇಲ್ಲ, ಮೇಡಂ. ಆ ಸಾಲನ್ನು ನಾವೂ ಮುಟ್ಟಿಲ್ಲ.”

“ಹಾಗಾದರೆ ಅನುಮತಿ ನಾನು ಕೊಟ್ಟಿದ್ದೇನೆ,” ಎಂದರು ಅವರು ಅಧ್ಯಕ್ಷರ ಕಡೆ ತಿರುಗಿ. “ಕಣ್ಣಿನ ವರದಿಯ ಪ್ರಕಾರ, ಕೊಟ್ಟ ಗಳಿಗೆಯಿಂದ ಒಂದು ವರ್ಷ. ಅದು ಸಿಸ್ಟಂ ಒಳಗೆ ನಿಲ್ಲಲಿಲ್ಲ, ಅಷ್ಟೇ. ಅವರು ಅನುಮತಿ ಇಲ್ಲದೆ ಹತ್ತಿಲ್ಲ. ಇನ್ನು ಡೈ ಯಾಕೆ ವಾಲಿತು ಅಂತ ನೋಡೋಣ. ಅವತ್ತು ಡೈ ಕಟ್ಟಿದ್ದ ಸ್ಲಿಂಗ್ ಬೆಲ್ಟ್ ತರಿಸಿ.”

ಬೆಲ್ಟ್ ತರಿಸಿದರು. ಅದರ ಅಂಚು ಹರಿದಿತ್ತು. ವಿಚಾರಣೆ ಅಲ್ಲಿಂದ ಮುಂದೆ ಬೆಲ್ಟುಗಳ ಕಡೆ ಹೋಯಿತು, ನಮ್ಮನ್ನು ಕಳಿಸಿಕೊಟ್ಟರು.

ಉಳಿದದ್ದು ನಮ್ಮ ಕೆಲಸ. ಚಾಲಕನ ಸಾಲಿನಲ್ಲಿ ಅಧಿಕಾರಿ ಹೇಳಿದ ಅವಧಿಯನ್ನು ಬರೆದೆವು. ಅದನ್ನು ಬರೆದ ದಿನವನ್ನೂ, ವಿಚಾರಣೆಯ ತೀರ್ಮಾನದಂತೆ ಎಂಬ ಕಾರಣವನ್ನೂ ಬೇರೆ ಅಂಕಣಗಳಲ್ಲಿ ಬರೆದೆವು. ಅನುಮತಿ ಜಾರಿಗೆ ಬಂದದ್ದು ಅಂದು, ನಾವು ಬರೆದುಕೊಂಡದ್ದು ಇಂದು, ಎರಡೂ ನಿಜ. ಉಳಿದ ಖಾಲಿ ಸಾಲುಗಳನ್ನು ಒಂದೊಂದಾಗಿ ಅಧಿಕಾರಿಯ ಮುಂದಿಟ್ಟೆವು. ಅನಾದಿ ಪುರುಷರನ್ನು ಭೂಮಿಗಿಳಿಸಿ, ಅವರವರಿಗೆ ಒಪ್ಪಿಗೆ ಸಿಕ್ಕ ದಿನಕ್ಕೆ ತಂದು ನಿಲ್ಲಿಸಿದೆವು. ಹೊಸ ಕೀ ಖಾಲಿ ಅವಧಿಯನ್ನು ತಾನೇ ತಡೆಯುತ್ತದೆ. ಅದು ತಡೆಯುವ ಮೊದಲೇ ಪರದೆ ತಡೆದು, ಅರ್ಥವಾಗುವ ಮಾತಿನಲ್ಲಿ ಹೇಳುವಂತೆ ಮಾಡಿದೆವು: ‘ಉಳಿಸಿಲ್ಲ. ಅನುಮತಿ ಇನ್ನೂ ಆಗಿಲ್ಲ.’ ಹಸಿರು ಗುರುತಿಗೂ ಅವಧಿಯನ್ನು ನೋಡಲು ಕಲಿಸಿದೆವು. ಪ್ರತಿ ಎತ್ತುವಿಕೆಯ ದಾಖಲೆಯೂ ಒಂದು ಅನುಮತಿಯ ಅವಧಿಯೊಳಗೇ ಬೀಳಬೇಕೆಂಬ ನಿಯಮವನ್ನು ಟೇಬಲ್‌ಗಳ ನಡುವೆ ಕಟ್ಟಿದೆವು. ಫೋರ್‌ಮನ್ನರ ಒಳ್ಳೆಯ ಗಳಿಗೆಗೆ ಒಂದು ಪ್ರತ್ಯೇಕ ಅಂಕಣ ಕೊಟ್ಟೆವು. ಅದು ಅವಧಿಯಲ್ಲ, ಒಂದು ಬಿಂದು. ಯಾರ ಮೇಲೂ ಬೀಳುವುದಿಲ್ಲ, ಯಾರೂ ಅದನ್ನು ಎಸೆಯುವುದಿಲ್ಲ. ತಾಲೀಮು ಈ ಸಲ ಕೊನೆಯವರೆಗೂ ನಿಲ್ಲದೆ ಹೋಯಿತು.

ಸಾಗಣೆ ಮುಗಿದ ಮಾರನೆಯ ಬೆಳಿಗ್ಗೆ ಎಲ್ಲವೂ ಸರಿಯಾಗಿದೆಯೇ ನೋಡಲು ಪ್ರೆಸ್ ವಿಭಾಗಕ್ಕೆ ಹೋದೆವು. ವರ್ಕ್ಸ್ ಮ್ಯಾನೇಜರ್, ಸುರಕ್ಷತಾ ಅಧಿಕಾರಿ, ಫೋರ್‌ಮನ್ ಎಲ್ಲರೂ ಬಂದಿದ್ದರು. ಚಾಲಕ ಪರದೆಯಲ್ಲಿ ತಮ್ಮ ಹೆಸರನ್ನೂ, ಅದರ ಎದುರಿನ ಎರಡು ತಾರೀಕುಗಳನ್ನೂ ಬೆರಳಿಟ್ಟು ಓದಿದರು. ಏಣಿ ಹತ್ತಿ ಮೇಲಿನ ಕ್ಯಾಬಿನ್ನಿಗೆ ಹೋದರು. ಹೊಸ ಬೆಲ್ಟಿನಲ್ಲಿ ಡೈ ಕಟ್ಟಿದ್ದರು. ನಾವು ಕೆಳಗೆ ನಿಂತಿದ್ದೆವು, ಹೊಸ ಕೀಯ ಗುಣಗಳ ಬಗ್ಗೆ ನಾನು ವರ್ಕ್ಸ್ ಮ್ಯಾನೇಜರಿಗೆ ತಕ್ಕ ಗಾಂಭೀರ್ಯದಿಂದ ಒಂದು ಪ್ರವಚನ ಶುರು ಮಾಡಿದ್ದೆ.

ಮೇಲಿನಿಂದ ಸೈರನ್ ಕೂಗಿತು. ಕ್ರೇನ್ ಅಲ್ಲಾಡಲಿಲ್ಲ. ತಲೆಯೆತ್ತಿದರೆ ಚಾಲಕ ಕ್ಯಾಬಿನ್ನಿನ ಗಾಜಿನ ಹಿಂದಿನಿಂದ ಕೈ ಬೀಸುತ್ತಿದ್ದರು, ಪಕ್ಕಕ್ಕೆ ಹೋಗಿ ಎಂದು. ನಾವೆಲ್ಲ ಹಳದಿ ಗೆರೆಯ ಒಳಗೆ, ಡೈ ಹಾದುಹೋಗುವ ದಾರಿಯಲ್ಲೇ ನಿಂತಿದ್ದೆವು. ಮೊದಲು ಹಿಂದೆ ಸರಿದವರು ಸುರಕ್ಷತಾ ಅಧಿಕಾರಿ. ವರ್ಕ್ಸ್ ಮ್ಯಾನೇಜರ್ ಅವರ ಹಿಂದೆ. ನಾವು ಸರಿಯುವವರೆಗೂ ಚಾಲಕ ಕಾದರು. ಗೆರೆ ದಾಟಿ ನಿಂತ ಮೇಲೆ ಡೈ ನೆಲ ಬಿಟ್ಟು ಮೇಲಕ್ಕೆದ್ದಿತು.